ಬ್ರೆಜಿಲ್‌ನಲ್ಲಿ ಮಾತ್ರ ಯಾಕೆ ಪೋರ್ಚುಗೀಸ್?

ಪ್ರಶ್ನೆ: ದಕ್ಷಿಣ ಅಮೆರಿಕದಲ್ಲಿ ಸುತ್ತಲೂ ಸ್ಪ್ಯಾನಿಷ್. ಬ್ರೆಜಿಲ್‌ನವರು ಮಾತ್ರ ಪೋರ್ಚುಗೀಸ್ ಮಾತಾಡೋದು ಪೋಪ್ ಗೆರೆ ಎಳೆದು ಹಂಚಿಕೊಟ್ಟಿದ್ದಕ್ಕಾ?

ಉತ್ತರ: ಫುಟ್‌ಬಾಲ್ ವಿಶ್ವಕಪ್ ಬಂತೆಂದರೆ ಈ ಪ್ರಶ್ನೆಯೂ ಬರುತ್ತದೆ, ಪೋಪ್ ಸಮೇತ. ಇನ್ನೊಮ್ಮೆ ಹೇಳಿಬಿಡುತ್ತೇನೆ.

1494ರಲ್ಲಿ ಸ್ಪೇನ್‌ನ ಟೋರ್ಡೆಸಿಲಾಸ್‌ನಲ್ಲಿ ಒಪ್ಪಂದ ಆಗಿದ್ದು ನಿಜ: ಗೆರೆಯ ಪೂರ್ವದ ಹೊಸ ನೆಲ ಪೋರ್ಚುಗಲ್‌ಗೆ, ಪಶ್ಚಿಮದ್ದು ಸ್ಪೇನ್‌ಗೆ. ಆದರೆ ಅದು ಸ್ಪೇನ್, ಪೋರ್ಚುಗಲ್ ಅರಸರ ನಡುವಿನದು. ಪೋಪ್ ಹಿಂದಿನ ವರ್ಷ ಹೇಳಿದ ಗೆರೆ ಪೋರ್ಚುಗಲ್‌ಗೆ ಸರಿಬರಲಿಲ್ಲ, ಹಟ ಹಿಡಿದು ಪಶ್ಚಿಮಕ್ಕೆ ಸರಿಸಿಕೊಂಡಿತು. ಈಗ ಮ್ಯಾಪ್ ತೆಗೆಯಿರಿ. ಉತ್ತರದ ಬೆಲೆಂನಿಂದ ದಕ್ಷಿಣದ ಲಗುನಾವರೆಗೆ ನೆಟ್ಟಗೆ ಸ್ಕೇಲ್ ಇಡಿ. ಹೆಚ್ಚುಕಡಿಮೆ ಅದೇ ಆ ಗೆರೆ. ಬ್ರೆಜಿಲ್‌ನ ಅಮೆಜಾನ್ ಕಾಡಿನ ನಗರ ಮನೌಸ್ ಎಲ್ಲಿದೆ? ಗೆರೆಯ ಆಚೆ, ಸ್ಪೇನ್ ಪಾಲಿನಲ್ಲಿ! ಗೆರೆಯೇ ಭಾಷೆ ತೀರ್ಮಾನಿಸಿದ್ದರೆ ಅರ್ಧಕ್ಕಿಂತ ಜಾಸ್ತಿ ಬ್ರೆಜಿಲ್ ಇವತ್ತು ಸ್ಪ್ಯಾನಿಷ್ ಮಾತಾಡಬೇಕಿತ್ತು, ಅಲ್ವಾ?

ಸರಿ, ಗೆರೆಯ ಈಚೆಗೆ ಬನ್ನಿ. ಪೋರ್ಚುಗಲ್ ಪಾಲಿನ ಸಾವೊ ಪಾಲೊದಲ್ಲೇ 17ನೇ ಶತಮಾನದಲ್ಲಿ ಎಷ್ಟೋ ಮನೆಗಳಲ್ಲಿ ಆಡುತ್ತಿದ್ದುದು ಲಿಂಗ್ವ ಜೆರಾಲ್, ಅಂದರೆ ಅಲ್ಲಿನ ಮೂಲನಿವಾಸಿಗಳಾದ ತುಪಿ ಜನರ ಮಾತಿನಿಂದ ಹುಟ್ಟಿದ ಭಾಷೆ. ಅಪ್ಪ ಪೋರ್ಚುಗೀಸ್, ಅಮ್ಮ ತುಪಿ. ಮಕ್ಕಳು ಅಮ್ಮನ ಮಾತು ಕಲಿತರು. ಅಲ್ಲಿಂದ ಒಳನಾಡಿಗೆ ನುಗ್ಗಿದ ದಂಡುಗಳ ನಾಯಕರಲ್ಲಿ ಡೊಮಿಂಗೊಸ್ ಜೊರ್ಜೆ ವೆಲ್ಯೊ ಒಬ್ಬ. ಅವನು ತನ್ನನ್ನು ಕಾಣಲು ಬಂದಾಗ ಜೊತೆಗೊಬ್ಬ ದುಭಾಷಿಯನ್ನು ಕರೆತಂದಿದ್ದ ಎಂದು ಪೆರ್ನಾಂಬುಕೊದ ಬಿಷಪ್ 1697ರಲ್ಲಿ ಸಿಡುಕಿ ಬರೆದಿದ್ದಾನೆ. ಪೋರ್ಚುಗಲ್‌ನ ಗಡಿ ಹಿಗ್ಗಿಸಿದವರಲ್ಲಿ ಇಂಥವರೂ ಇದ್ದರು!

ಪೋರ್ಚುಗೀಸ್ ಭಾಷೆಗೆ ಬಲ ಬಂದದ್ದು ಚಿನ್ನದಿಂದ. 1690ರ ದಶಕದಲ್ಲಿ ಮಿನಾಸ್ ಜೆರೈಸ್‌ನಲ್ಲಿ ಚಿನ್ನ ಸಿಕ್ಕಿದ್ದೇ ತಡ, ಪೋರ್ಚುಗಲ್‌ನಿಂದ ಜನ ಹಡಗು ಹತ್ತಿದರು. ಗಣಿಗೆ ಆಫ್ರಿಕದಿಂದ ಗುಲಾಮರನ್ನು ತಂದರು. ಅವರು ಒಂದೊಂದು ಭಾಷೆಯವರು, ಬದುಕಬೇಕಾದರೆ ಧಣಿಗಳ ಭಾಷೆ ಕಲಿಯಲೇಬೇಕಾಯಿತು. 1758ರಲ್ಲಿ ಪೋರ್ಚುಗಲ್‌ನ ಮಂತ್ರಿ ಪೊಂಬಾಲ್‌ನ ಕಾನೂನು ಬ್ರೆಜಿಲ್ ಪೂರ್ತಿಗೆ ಪೋರ್ಚುಗೀಸನ್ನೇ ಕಡ್ಡಾಯ ಮಾಡಿತು. 1808ರಲ್ಲಿ ನೆಪೋಲಿಯನ್ ಕಾಟಕ್ಕೆ ಪೋರ್ಚುಗಲ್ ರಾಜಪರಿವಾರವೇ ರಿಯೊಗೆ ಬಂದಿಳಿಯಿತು.

ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ತುಂಬಾ ವರ್ಷ ಆಳಿದ ಮಾತ್ರಕ್ಕೆ ಭಾಷೆ ಬೇರೂರುವುದಿಲ್ಲ. ಗೋವಾದಲ್ಲಿ ಪೋರ್ಚುಗೀಸರು 1510ರಿಂದ 1961ರವರೆಗೆ ಕೂತರು, ಜನ ಕೊಂಕಣಿ ಬಿಡಲಿಲ್ಲ. ಅವರೇ ಆಳಿದ ಆಫ್ರಿಕದ ಅಂಗೋಲಾದಲ್ಲಿ ಪೋರ್ಚುಗೀಸ್ ಮನೆಮನೆಗೆ ಹೊಕ್ಕಿದ್ದು ಜಾಸ್ತಿಯೂ ಆಳುವವರು ಹೊರಟ ಮೇಲೆ. 1975ರಲ್ಲಿ ಸ್ವಾತಂತ್ರ್ಯ, ಜೊತೆಗೇ ಅಂತರ್ಯುದ್ಧ. ಊರು ಬಿಟ್ಟು ರಾಜಧಾನಿ ಲುವಾಂಡಾಕ್ಕೆ ಓಡಿಬಂದ ಕುಟುಂಬದ ಭಾಷೆ ಉಂಬುಂಡು, ಪಕ್ಕದ ಮನೆಯವರದು ಕಿಂಬುಂಡು. ಇಬ್ಬರ ಮಕ್ಕಳೂ ಬೀದಿಯಲ್ಲಿ ಆಡುತ್ತಾ ಪೋರ್ಚುಗೀಸ್ ಮಾತಾಡಿದರು. 2014ರ ಜನಗಣತಿಯಲ್ಲಿ ಶೇ. 71ರಷ್ಟು ಜನ ಮನೆಯಲ್ಲಿ ಅದನ್ನು ಆಡುತ್ತೇವೆ ಎಂದು ಬರೆಸಿದರು.