ಬೆಳತನಕದ ಪಾರಿಜಾತ ಒಂದೂವರೆ ತಾಸಿಗೆ ಬಂದದ್ದು ಹೇಗೆ?

ಉತ್ತರ ಕರ್ನಾಟಕದ ಬಯಲಾಟ ಶ್ರೀಕೃಷ್ಣ ಪಾರಿಜಾತ ಒಂದು ಕಾಲಕ್ಕೆ ಬೆಳತನಕ ನಡೆಯುತ್ತಿತ್ತು. ಈಗ ಎಷ್ಟೋ ಕಡೆ ಒಂದೂವರೆ ತಾಸಿನಲ್ಲಿ ಮಂಗಳಾರತಿ. 'ಇದು ಪಾರಿಜಾತವೇ ಅಲ್ಲ' ಅನ್ನುವವರಿದ್ದಾರೆ. 'ಇಷ್ಟಾದರೂ ಉಳೀತಲ್ಲ' ಅನ್ನುವವರೂ ಇದ್ದಾರೆ.

ಕತೆ ಸಣ್ಣದು. ನಾರದ ತಂದ ಹೂವು ರುಕ್ಮಿಣಿಯ ಪಾಲಾಗುತ್ತದೆ, ಸತ್ಯಭಾಮೆ ಮುನಿಸಿಕೊಳ್ಳುತ್ತಾಳೆ. ಅಪರಾಳ ತಮ್ಮಣ್ಣನ ಕೃತಿಯನ್ನು ಆಟಕ್ಕೆ ಹೊಂದಿಸಿದವನು ಬೆಳಗಾವಿ ಜಿಲ್ಲೆಯ ಕುಲಗೋಡ ತಮ್ಮಣ್ಣ. ಮೊದಲೆಲ್ಲ ಗಂಡಸರೇ ಭಾಮೆ, ರುಕ್ಮಿಣಿ ಆಗುತ್ತಿದ್ದರು. ಆಮೇಲೆ ಕೌಜಲಗಿ ನಿಂಗಮ್ಮನಂಥವರು ಬಂದರು. ಹೆಣ್ಣಿನ ಮುನಿಸನ್ನು ಹೆಣ್ಣೇ ಆಡಿ ತೋರಿಸಿದಳು.

ನಡುವೆ ಕಂಪನಿ ನಾಟಕಗಳ ಭರಾಟೆ. ಸವದತ್ತಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರ್ 1880ರಲ್ಲಿ ಪುಣೆಯಲ್ಲಿ ಕಾಳಿದಾಸನ ಶಾಕುಂತಲವನ್ನು ಮರಾಠಿ ಸಂಗೀತ ನಾಟಕವಾಗಿ ಆಡಿಸಿದರು. ಬಣ್ಣದ ಪರದೆ, ಟಿಕೆಟ್ಟು, ಹಾರ್ಮೋನಿಯಂ ಎಲ್ಲವೂ ನಮ್ಮ ಊರುಗಳಿಗೂ ಬಂದವು. ಪಾರಿಜಾತದವರು ಪರದೆಗೆ ಅಷ್ಟಾಗಿ ಮರುಳಾಗಲಿಲ್ಲ. ಆದರೆ ನಾಟ್ಯಸಂಗೀತದ ಧಾಟಿಗಳನ್ನು ಬಿಡಲಿಲ್ಲ.

ನನ್ನ ಕೇಳಿದರೆ, ಆಟವನ್ನು ಎಲ್ಲಕ್ಕಿಂತ ಜಾಸ್ತಿ ಬದಲಿಸಿದ್ದು ಮೈಕು. ಗ್ಯಾಸ್‌ಬತ್ತಿಯ ಬೆಳಕಿನಲ್ಲಿ ಆಡುವಾಗ ಜನ ಮೂರೂ ಕಡೆ ಕೂತಿರುತ್ತಿದ್ದರು. ಪಾತ್ರಧಾರಿ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ತಿರುಗಿ ಹಾಡಬೇಕು. ದನಿ ಕೊನೆಯ ಸಾಲಿಗೆ ಮುಟ್ಟಬೇಕು. ಅವನು ಉಸಿರು ತಗೊಳ್ಳುವಷ್ಟು ಹೊತ್ತು ಹಿಮ್ಮೇಳದವರು ಅದೇ ಸಾಲನ್ನು ಎತ್ತಿ ಹಾಡುತ್ತಿದ್ದರು. ಮೇಲಿಂದ ಮೈಕು ತೂಗುಬಿದ್ದ ಮೇಲೆ ಎಲ್ಲರೂ ಅದರ ಕೆಳಗೇ ಬಂದು ನಿಂತರು. ಕುಣಿತ ಸಣ್ಣದಾಯಿತು. ಹಿಮ್ಮೇಳ ಎತ್ತಿ ಹಾಡುವ ಅಗತ್ಯವೂ ಕಡಿಮೆಯಾಯಿತು. ದನಿಯೇನೋ ದೂರದವರೆಗೆ ಹೋಯಿತು, ಅದು ಸುಳ್ಳಲ್ಲ.

ಆಮೇಲೆ ಸ್ಪರ್ಧೆ, ಉತ್ಸವ, ಸಭಾಂಗಣ. ಬಾಗಲಕೋಟೆಯಲ್ಲಿ ಬಯಲಾಟ ಅಕಾಡೆಮಿಯೇ ಇದೆ, ಒಳ್ಳೆಯದೇ. ಆದರೆ ವೇಳೆ ಕಡಿಮೆ ಕೊಟ್ಟಾಗ ಕತ್ತರಿ ಬೀಳುವುದು ಎಲ್ಲಿಗೆ? ಗೊಲ್ಲತಿ, ಕೊರವಂಜಿಯರ ಪ್ರಸಂಗಗಳಿಗೆ, ಭಾಮೆಯ ಸಖಿಯಾಗಿ ನಗಿಸುವ ದೂತಿಯ ಚೇಷ್ಟೆ ಮಾತಿಗೆ. ದೂತಿಯ ಮಾತು ಬರೆದಿಟ್ಟದ್ದಲ್ಲ. ಊರಿನ ಸುದ್ದಿ, ಮಳೆ, ಜೋಳದ ದರ ಎಲ್ಲ ಅಲ್ಲೇ ನುಸುಳುತ್ತದೆ. ಕತೆಗೆ ಬೇಡ ಅಂತ ಅದನ್ನು ತೆಗೆದರೆ ಉಳಿಯುವುದು ಸುಮ್ನೆ ಹೂವಿನ ಜಗಳ, ಅಲ್ವಾ?

ನಮ್ಮೂರ ಜಾತ್ರೆಗೆ ಮೇಳದವರಿಗೆ ವೀಳ್ಯ ಕೊಡುವಾಗ ಹಿರಿಯರು ಈಗಲೂ ಕೃಷ್ಣ ಯಾರು ಅಂತ ಕೇಳುವುದಿಲ್ಲ. 'ದೂತಿ ಯಾರು ಮಾಡ್ತಾರ?' ಅಂತ ಕೇಳುತ್ತಾರೆ.