ಹಿಟ್ ಆಯ್ತಲ್ಲ, ದುಡ್ಡೆಲ್ಲಿ?

ಸ್ವತಂತ್ರ ಚಿತ್ರ ನಿರ್ಮಾಣ ಸಂಸ್ಥೆಗಳ ಲೆಕ್ಕ ನೋಡುವವರ ತಾಳ್ಮೆಗೆಡಿಸುವ ಮಾತೊಂದಿದೆ: "ಹಾಕಿದ್ದರ ನಾಲ್ಕರಷ್ಟು ಬಂತು, ಇನ್ನೇನು ಯೋಚನೆ?" ಬಂದದ್ದು ಚಿತ್ರಮಂದಿರದ ಗಲ್ಲಾಪೆಟ್ಟಿಗೆಗೆ, ನಿಮ್ಮ ಖಾತೆಗಲ್ಲ. ಬಾಯಿಮಾತಿನಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ, ಅಂಕಿ ಇಟ್ಟೇ ಹೇಳುತ್ತೇನೆ.

ಒಂದು ಚಿತ್ರದ ತಯಾರಿಕೆಗೆ 25 ಖರ್ಚಾಯಿತು ಎನ್ನಿ, ಲಕ್ಷವೋ ಕೋಟಿಯೋ, ಲೆಕ್ಕ ಒಂದೇ. ಅದರಲ್ಲಿ 20 ಸಾಲ, 5 ಸ್ವಂತದ್ದು. ಚಿತ್ರ 100 ಗ್ರಾಸ್ ಮಾಡಿತು, ಅಂದರೆ ಟಿಕೆಟ್ ಮಾರಾಟದ ಒಟ್ಟು ಮೊತ್ತ ಅಷ್ಟು. ತೆರಿಗೆ ಸದ್ಯ ಬದಿಗಿರಲಿ. ಚಿತ್ರಮಂದಿರ ಅರ್ಧ ಇಟ್ಟುಕೊಂಡರೆ ಉಳಿಯುವ ಪಾಲು, ಅಂದರೆ ಶೇರ್, 50. ವಿತರಕರ ಕಮಿಷನ್ ಶೇ 30 ಎಂದರೆ 15 ಹೋಯಿತು, ಉಳಿದದ್ದು 35. ಪ್ರಚಾರಕ್ಕೂ ಪ್ರಿಂಟಿಗೂ ವಿತರಕರು ಮೊದಲೇ ಹಾಕಿದ್ದ 20 ಮುರಿದುಕೊಳ್ಳುತ್ತಾರೆ. ಕೊನೆಗೆ 15. ಅದೂ ನೇರ ಸಾಲ ಕೊಟ್ಟವರಿಗೆ. 'ಸೂಪರ್ ಹಿಟ್' ಪೋಸ್ಟರ್ ಗೋಡೆಯ ಮೇಲಿರುವಾಗ ಸಂಸ್ಥೆಯ ಕೈಗೆ ಬಂದದ್ದು ಸೊನ್ನೆ, ಇನ್ನೂ 5 ಬಾಕಿ, ಬಡ್ಡಿ ಬೇರೆ. ಪ್ರಮಾಣಗಳು ಒಪ್ಪಂದದಿಂದ ಒಪ್ಪಂದಕ್ಕೆ ಬದಲಾಗುತ್ತವೆ. ನಿರ್ಮಾಪಕರು ಸರದಿಯ ತುದಿಯಲ್ಲಿ ನಿಲ್ಲುವುದು ಮಾತ್ರ ಸಾಮಾನ್ಯವಾಗಿ ಬದಲಾಗದು.

ಈ ಕೊರತೆ ತುಂಬಬೇಕಾದದ್ದು ಟಿವಿ, ಓಟಿಟಿ, ವಿದೇಶಿ ಹಕ್ಕುಗಳು. ಅವನ್ನು ಮುಂದಿನ ಚಿತ್ರದ ಮುಂಗಡಕ್ಕೋ ಕಚೇರಿ ಖರ್ಚಿಗೋ ಮೊದಲೇ ಮಾರಿ ಕೂತಿದ್ದರೆ ಏನು ತುಂಬುವುದು? ಮಾರಿದರೂ ಸಹಿ ಹಾಕಿದಾಗ ಸಿಗುವುದು ಸಾಮಾನ್ಯವಾಗಿ ಶೇ 10ರಿಂದ 20, ಉಳಿದದ್ದು ಡೆಲಿವರಿಯ ಮೇಲೆ. ಡೆಲಿವರಿ ಎಂದರೆ ಚಿತ್ರದ ಫೈಲ್ ಕಳಿಸಿ ಕೈತೊಳೆದುಕೊಳ್ಳುವುದಲ್ಲ. ಮಾತಿಲ್ಲದ ಸಂಗೀತ ಮತ್ತು ಶಬ್ದದ ಟ್ರ್ಯಾಕ್, ಸಂಭಾಷಣೆಯ ಪಟ್ಟಿ, ಸ್ಟಿಲ್‌ಗಳು, ಕಥೆಗಾರರಿಂದ ಹಿಡಿದು ಸಂಗೀತ ನಿರ್ದೇಶಕರವರೆಗೆ ಹಕ್ಕು ಬಿಟ್ಟುಕೊಟ್ಟ ಪತ್ರಗಳು, ಎಲ್ಲವೂ ಬೇಕು. ಒಂದು ಸಹಿ ಇಲ್ಲದಿದ್ದರೂ ಕೊಳ್ಳುವವರು ಹಣ ತಡೆಹಿಡಿಯಬಹುದು. ಬಡ್ಡಿ ಮಾತ್ರ ಓಡುತ್ತಲೇ ಇರುತ್ತದೆ.

ಅಮೆರಿಕದಲ್ಲಿ 1978ರಲ್ಲಿ ಶುರುವಾದ ಓರಿಯನ್ ಪಿಕ್ಚರ್ಸ್ ನೋಡಿ. 1991ರ ಮಾರ್ಚಿನಲ್ಲಿ ಅದರ 'ಡ್ಯಾನ್ಸಸ್ ವಿತ್ ವುಲ್ವ್ಸ್' ಏಳು ಆಸ್ಕರ್ ಗೆದ್ದಿತು. ಡಿಸೆಂಬರಿನಲ್ಲಿ ಸಂಸ್ಥೆ ದಿವಾಳಿ ಅರ್ಜಿ ಹಾಕಿತು. ಮರುವರ್ಷ 'ದ ಸೈಲೆನ್ಸ್ ಆಫ್ ದ ಲ್ಯಾಂಬ್ಸ್'ಗೆ ಐದು ಆಸ್ಕರ್ ಬಂದಾಗ ಅದು ಇನ್ನೂ ನ್ಯಾಯಾಲಯದ ರಕ್ಷಣೆಯಲ್ಲಿತ್ತು. ಹಿಂದಿನ ಸೋಲುಗಳ ಸಾಲ ಕುತ್ತಿಗೆಗೆ ಬಂದಿತ್ತು. ಕೈಯಲ್ಲಿ ನಗದಿಲ್ಲದೆ 'ದಿ ಆಡಮ್ಸ್ ಫ್ಯಾಮಿಲಿ'ಯನ್ನು ಬಿಡುಗಡೆಗೆ ಮೊದಲೇ ಪ್ಯಾರಮೌಂಟ್‌ಗೆ ಮಾರಿತ್ತು. ಆ ಚಿತ್ರ ಚೆನ್ನಾಗಿ ಓಡಿತು, ಪ್ಯಾರಮೌಂಟ್‌ಗಾಗಿ.

ಸೋಲು ಒಂದು ಚಿತ್ರವನ್ನು ಮುಳುಗಿಸುತ್ತದೆ; ಗೆಲುವಿನ ನಂತರದ ಆತುರ ಸಂಸ್ಥೆಯನ್ನೇ ಮುಳುಗಿಸಬಲ್ಲದು. ದೊಡ್ಡ ಕಚೇರಿ, ಒಂದರ ಬದಲು ನಾಲ್ಕು ಚಿತ್ರ, ತಾರೆಯರಿಗೆ ಮುಂಗಡ: ಎಲ್ಲವೂ ಇನ್ನೂ ಬಾರದ ಶೇರ್ ನಂಬಿಕೊಂಡು. ಹುರುಪಿನವರೇ ಹೀಗೆ ಎಡವುವುದು, ಅದಕ್ಕೇ ಬೈಯಲೂ ಮನಸ್ಸಾಗುವುದಿಲ್ಲ.

ಪ್ರತಿ ಚಿತ್ರಕ್ಕೂ ಪ್ರತ್ಯೇಕ ಕಂಪನಿ ತೆರೆಯಿರಿ, ಒಂದರ ಸಾಲ ಇನ್ನೊಂದಕ್ಕೆ ತಗಲದಂತೆ ಅದೇ ಬೇಲಿ. ವೈಯಕ್ತಿಕ ಜಾಮೀನು ಬರೆದುಕೊಟ್ಟರೆ ಆ ಬೇಲಿ ಇದ್ದೂ ಇಲ್ಲದಂತೆ. ವಿತರಣಾ ಒಪ್ಪಂದದಲ್ಲಿ ಒಂದು ಚಿತ್ರದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಮುರಿದುಕೊಳ್ಳುವ ಷರತ್ತಿದ್ದರೆ, ವಕೀಲರಿಗೆ ತೋರಿಸದೆ ಸಹಿ ಹಾಕಬೇಡಿ. ಹದಿನೆಂಟು ತಿಂಗಳ ಕಚೇರಿ ಖರ್ಚು ಬ್ಯಾಂಕಿನಲ್ಲಿರಲಿ. ಆ ಲೆಕ್ಕ ಬರೆಯುವಾಗ ಓಡುತ್ತಿರುವ ಚಿತ್ರದಿಂದ ಬರುವ ಹಣದ ಮುಂದೆ ಸೊನ್ನೆ ಹಾಕಿ.