ಅಹಿಂಸೆಯ ತಲೆಗೆ ಕಟ್ಟಿದ ಸೋಲು

ಗಡಿಯಲ್ಲಿ ಗುಂಡಿನ ಸದ್ದು ಕೇಳಿದಾಗಲೆಲ್ಲ ಹಳೆಯ ದೂರೊಂದು ಎದ್ದು ಕೂರುತ್ತದೆ: ಅಹಿಂಸೆ ಜಪಿಸಿದ ನಾಯಕರಿಂದಲೇ ಭಾರತ ನೆರೆಯವರ ಮುಂದೆ ಸೊರಗಿತು.

ಮೊದಲ ಆರೋಪಿ ಅಶೋಕ. ಅವನ ಶಾಂತಿನೀತಿಯಿಂದ ಮೌರ್ಯ ಸಾಮ್ರಾಜ್ಯ ದುರ್ಬಲವಾಯಿತು ಎಂದು ಇತಿಹಾಸಕಾರ ಹೇಮಚಂದ್ರ ರಾಯಚೌಧರಿ ವಾದಿಸಿದರು. ಇನ್ನೊಬ್ಬ ಇತಿಹಾಸಕಾರ್ತಿ ರೊಮಿಲಾ ಥಾಪರ್ ಒಪ್ಪಲಿಲ್ಲ. ಶಾಸನವನ್ನೇ ಓದಿದರೆ ಬೇರೆ ದನಿ ಕೇಳುತ್ತದೆ. ಕಳಿಂಗದ ಪಶ್ಚಾತ್ತಾಪವನ್ನು ಕೆತ್ತಿಸಿದ 13ನೆಯ ಶಿಲಾಶಾಸನದಲ್ಲಿಯೇ ಅವನು ಕಾಡಿನ ಜನರಿಗೆ ಎಚ್ಚರಿಕೆ ಕೊಡುತ್ತಾನೆ: ನೊಂದಿದ್ದರೂ ದಂಡಿಸುವ ಶಕ್ತಿ ತನಗಿದೆ ಎಂದು. ದಂಡು ಚದುರಿಸಿದ ಅರಸನ ಮಾತೇ ಇದು?

ಗಾಂಧೀಜಿಯೂ ಸುಲಭಕ್ಕೆ ಸಿಗುವವರಲ್ಲ. 1918ರಲ್ಲಿ ಖೇಡಾದ ಹಳ್ಳಿಗಳಲ್ಲಿ ಬ್ರಿಟಿಷ್ ಸೇನೆಗೆ ಜನ ಸೇರಿಸಲು ಅಲೆದವರು ಅವರು. ಹೇಡಿತನ, ಹಿಂಸೆ ಇವೆರಡೇ ದಾರಿಗಳಿದ್ದರೆ ಹಿಂಸೆಯನ್ನೇ ಆರಿಸಿಕೊಳ್ಳಿ ಎನ್ನುತ್ತೇನೆ ಎಂದು 1920ರಲ್ಲಿ ಬರೆದರು. 1947ರ ಅಕ್ಟೋಬರ್ 27ರಂದು ಸೈನಿಕರು ವಿಮಾನದಲ್ಲಿ ಶ್ರೀನಗರಕ್ಕೆ ಹೋದಾಗ ಅವರು ಅಡ್ಡ ಬರಲಿಲ್ಲ. ಮುಂದೆ ನೆಹರೂ ಸರ್ಕಾರ 1948ರಲ್ಲಿ ಹೈದರಾಬಾದಿಗೆ, 1961ರಲ್ಲಿ ಗೋವಾಕ್ಕೆ ಸೇನೆ ನುಗ್ಗಿಸಿತು.

ಹಾಗಾದರೆ ಚೀನಾದೆದುರು ಸೋತ 1962? ದೂರಿನ ಬೇರು ಇರುವುದೇ ಇಲ್ಲಿ. ಚೀನಾದ ಬಗ್ಗೆ ಎಚ್ಚರಿಸಿ ಪಟೇಲರು 1950ರ ನವೆಂಬರ್‌ನಲ್ಲಿಯೇ ನೆಹರೂಗೆ ಪತ್ರ ಬರೆದಿದ್ದರು. 1954ರಲ್ಲಿ ಚೀನಾದೊಂದಿಗೆ ಶಾಂತಿಯಿಂದ ಬಾಳುವ ಪಂಚಶೀಲ ಒಪ್ಪಂದ ಬಂತು. ರಕ್ಷಣಾ ಸಚಿವ ಕೃಷ್ಣ ಮೆನನ್ ಜೊತೆಗಿನ ಜಗಳದಲ್ಲಿ ಸೇನಾ ಮುಖ್ಯಸ್ಥ, ಕೊಡಗಿನ ಜನರಲ್ ತಿಮ್ಮಯ್ಯ 1959ರಲ್ಲಿ ರಾಜೀನಾಮೆ ಕೊಟ್ಟು, ನೆಹರೂ ಮಾತಿಗೆ ಹಿಂಪಡೆದರು. ನಿವೃತ್ತರಾದ ಮೇಲೆ, ಯುದ್ಧಕ್ಕೆ ಕೆಲವೇ ತಿಂಗಳ ಮೊದಲು, ಚೀನಾವನ್ನು ಒಬ್ಬಂಟಿಯಾಗಿ ಬಯಲಲ್ಲಿ ಎದುರಿಸುವುದನ್ನು ಸೈನಿಕನಾಗಿ ತಾನು ಊಹಿಸಲಾರೆ ಎಂದು ಬರೆದರು.

ದೆಹಲಿ ಮಾಡಿದ್ದು ಅದಕ್ಕೆ ತಿರುಗುಮುರುಗು. 1961ರ ನವೆಂಬರ್‌ನಿಂದ ವಿವಾದದ ನೆಲದಲ್ಲಿ ಪುಟ್ಟ ಪುಟ್ಟ ಠಾಣೆಗಳನ್ನು ಮುಂದಕ್ಕೆ ನೂಕಲಾಯಿತು. ಚೀನೀಯರು ಗುಂಡು ಹಾರಿಸಲಾರರು ಎಂಬ ಭರವಸೆಯೇ ಅವಕ್ಕೆ ಕಾವಲು. 1962ರ ಅಕ್ಟೋಬರ್ 12ರಂದು ಸಿಲೋನ್‌ಗೆ (ಇಂದಿನ ಶ್ರೀಲಂಕಾ) ಹೊರಟಿದ್ದ ನೆಹರೂ, ನಮ್ಮ ನೆಲವನ್ನು ತೆರವು ಮಾಡಿಸಲು ಸೇನೆಗೆ ಸೂಚಿಸಿದ್ದೇವೆ ಎಂದು ವರದಿಗಾರರಿಗೆ ಹೇಳಿದರು. ಶಾಂತಿದೂತನ ಮಾತು ಇದಲ್ಲ.

ಆ ಹೊತ್ತಿನಲ್ಲಿ ಇಂದಿನ ಅರುಣಾಚಲದ ಗಡಿಯಲ್ಲಿರುವ ನಾಮ್ಕಾ ಚು ತೊರೆಯ ದಡದಲ್ಲಿ ನಮ್ಮ ಸೇನೆಯ 7ನೆಯ ಬ್ರಿಗೇಡ್ ಬೀಡು ಬಿಟ್ಟಿತ್ತು. ತಗ್ಗಿನಲ್ಲಿ ನಮ್ಮವರು, ಮೇಲಿನ ಏಣಿನಲ್ಲಿ ಚೀನೀಯರು. ಹಿಮಾಲಯದ ಚಳಿಗೆ ಹತ್ತಿಯ ಸಮವಸ್ತ್ರ, ಕ್ಯಾನ್ವಾಸ್ ಬೂಟು, ಕೈಯಲ್ಲಿ ಹಳೆಯ .303 ರೈಫಲ್. ರಸ್ತೆ ಕೊನೆಯಾಗುವ ಜಾಗ ದಿನಗಟ್ಟಲೆ ನಡಿಗೆಯಷ್ಟು ಹಿಂದೆ. ವಿಮಾನದಿಂದ ಎಸೆದ ಸಾಮಾನು ಎಷ್ಟೋ ಬಾರಿ ಕಣಿವೆಯ ಪಾಲು. ಅಕ್ಟೋಬರ್ 20ರ ಬೆಳಗ್ಗೆ ದಾಳಿ ಶುರುವಾಗಿ ಬ್ರಿಗೇಡ್ ನುಚ್ಚುನೂರಾಯಿತು. ಅದರ ನಾಯಕ ಬ್ರಿಗೇಡಿಯರ್ ಜಾನ್ ದಳವಿ ಸೆರೆಸಿಕ್ಕರು. ಚೀನಾ ಯುದ್ಧ ಮಾಡುವುದಿಲ್ಲ ಎಂಬ ನಂಬಿಕೆಗೆ ನೆಹರೂ ಅವರನ್ನು ಬೈಯುವುದು ಸರಿ. ಆ ತಪ್ಪು ಲೆಕ್ಕಕ್ಕೆ ಅಹಿಂಸೆ ಎಂದು ಹೆಸರಿಡುವುದು ಮಾತ್ರ ನನಗೆ ಸೋಮಾರಿತನವಾಗಿ ಕಾಣುತ್ತದೆ. ಬಾಯಲ್ಲಿ ಯುದ್ಧ, ಕಾಲಲ್ಲಿ ಕ್ಯಾನ್ವಾಸ್ ಬೂಟು. ಇದಕ್ಕೂ ಗಾಂಧಿಗೂ ಏನು ಸಂಬಂಧ?

ಸೋಲಿನ ಬೆನ್ನಿಗೇ ಸೇನೆಯ ಬಲವನ್ನು 8.25 ಲಕ್ಷಕ್ಕೆ ಏರಿಸುವ, 10 ಪರ್ವತ ಡಿವಿಷನ್‌ಗಳನ್ನು ಕಟ್ಟುವ ಯೋಜನೆ ಸಿದ್ಧವಾಯಿತು. ನೆಹರೂ ಬಳಿಕ ಪ್ರಧಾನಿಯಾದವರು ಇನ್ನೂ ಅಪ್ಪಟ ಗಾಂಧಿವಾದಿ, ಸತ್ಯಾಗ್ರಹದಲ್ಲಿ ಜೈಲು ಕಂಡ ಲಾಲ್ ಬಹಾದ್ದೂರ್ ಶಾಸ್ತ್ರಿ. ಗಿಡ್ಡ ಮೈಕಟ್ಟಿನ, ಮೆದುಮಾತಿನ ಮನುಷ್ಯ. ಪಾಕಿಸ್ತಾನ ಕಾಶ್ಮೀರದ ಛಂಬ್‌ನಲ್ಲಿ ಟ್ಯಾಂಕು ನುಗ್ಗಿಸಿದಾಗ ಅವರು ಅಲ್ಲಿಯೇ ಉತ್ತರಿಸುತ್ತ ಕೂರಲಿಲ್ಲ. 1965ರ ಸೆಪ್ಟೆಂಬರ್ 6ರಂದು ಭಾರತದ ಸೇನೆ ಅಂತರರಾಷ್ಟ್ರೀಯ ಗಡಿ ದಾಟಿ ಲಾಹೋರಿನ ಕಡೆ ಹೊರಟಿತ್ತು.